ಕೇಳಿದರೆ ಕೊಡಲೇಬೇಕಾದದ್ದು

ಮ್ಯೂನಿಕ್‌ನ ಮನೆಗೆಂದು ಕೊಂಡ ಸಣ್ಣ ರೌಟರ್‌ನ ಪೆಟ್ಟಿಗೆಯಲ್ಲಿ ಮಡಚಿಟ್ಟ ಹಾಳೆಯೊಂದಿತ್ತು. ಈ ಯಂತ್ರದಲ್ಲಿ ಲಿನಕ್ಸ್ ಇದೆ, ಸೋರ್ಸ್ ಕೋಡ್ ಬೇಕಾದವರು ಈ ವಿಳಾಸಕ್ಕೆ ಬರೆಯಿರಿ ಎಂದು ಅಚ್ಚಾಗಿತ್ತು. ಲಿನಕ್ಸ್ ಎಂದರೆ ಯಂತ್ರವನ್ನು ನಡೆಸುವ ತಂತ್ರಾಂಶ, ಸೋರ್ಸ್ ಕೋಡ್ ಎಂದರೆ ತಂತ್ರಾಂಶದ, ಓದಿ ತಿದ್ದಬಹುದಾದ ಮೂಲ ಬರಹ. ಬರೆದೆ. ಕೆಲವೇ ದಿನಗಳಲ್ಲಿ ಕೊಂಡಿ ಬಂತು, ಕೇಳಿದ್ದಕ್ಕೆ ಧನ್ಯವಾದವೂ ಬಂತು. ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು. ಇದನ್ನೇ ಶಿರಸಿಯಲ್ಲಿ ಅಪ್ಪಯ್ಯನ ಫೋನಿಗಾಗಿ ಕೇಳಿ ಸೋತು ಬಂದಿದ್ದೆ.

ಆ ಫೋನ್ ಗಟ್ಟಿಮುಟ್ಟಾಗಿಯೇ ಇದೆ. ಅಡಿಕೆ ಧಾರಣೆ ನೋಡಲು, ತಾಳಮದ್ದಲೆ ಕೇಳಲು ಅಪ್ಪಯ್ಯನಿಗೆ ಅಷ್ಟು ಸಾಕು. ಆದರೆ ಕಂಪನಿ ಅದಕ್ಕೆ ಹೊಸ ಆಂಡ್ರಾಯ್ಡ್ ಕೊಡುವುದನ್ನು ನಿಲ್ಲಿಸಿತು. ಬ್ಯಾಂಕಿನ ಆ್ಯಪ್ ನಡೆಯದಾಯಿತು. ಜಾತ್ರೆಗೆ ಊರಿಗೆ ಹೋದಾಗ ಹೊಸ ಆವೃತ್ತಿಯನ್ನು ನಾನೇ ಸಿದ್ಧಪಡಿಸಿ ಹಾಕಲು ಕುಳಿತೆ. ಅದಕ್ಕೆ ಆ ಫೋನಿನ ಕರ್ನಲ್‌ನ, ಅಂದರೆ ಯಂತ್ರದ ಭಾಗಗಳನ್ನು ನಡೆಸುವ ತಿರುಳು ತಂತ್ರಾಂಶದ, ಸೋರ್ಸ್ ಕೋಡ್ ಬೇಕು. ಕಂಪನಿಗೆ ಬರೆದರೆ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ. ಸರ್ವಿಸ್ ಸೆಂಟರಿನ ಹುಡುಗ, "ಸರ್, ಅದು ಕಂಪನಿಯ ಗುಟ್ಟಲ್ಲವೇ? ನಮಗೆಲ್ಲ ಹೇಗೆ ಕೊಡುತ್ತಾರೆ?" ಎಂದ.

ಗುಟ್ಟು ಎಲ್ಲಿಂದ ಬಂತು? ಆಂಡ್ರಾಯ್ಡ್‌ನ ತಳದಲ್ಲಿರುವುದು ಲಿನಕ್ಸ್ ಕರ್ನಲ್. ಅದನ್ನು ಮೊದಲು ಬರೆದ ಲಿನಸ್ ಟೊರ್ವಾಲ್ಡ್ಸ್ 1992ರಲ್ಲಿ ಅದನ್ನು, ಯಾರು ಬೇಕಾದರೂ ಬಳಸಿ ತಿದ್ದಲು ಬಿಡುವ ಜಿಪಿಎಲ್ ಎಂಬ ಪರವಾನಗಿಗೆ ಒಳಪಡಿಸಿದರು. ಸಾವಿರಾರು ಜನ ಸೇರಿ ಬರೆದದ್ದನ್ನು ಫೋನ್ ಕಂಪನಿಗಳು ಪರವಾನಗಿಗೆ ಬಿಡಿಗಾಸು ಕೊಡದೆ ಬಳಸುತ್ತವೆ. ಪ್ರತಿಯಾಗಿ, ಮಾರಿದ ಫೋನಿನ ಕರ್ನಲ್‌ನ ಸೋರ್ಸ್ ಕೋಡನ್ನು ತಮ್ಮ ತಿದ್ದುಪಡಿಗಳ ಸಮೇತ ಕೊಡಬೇಕು. ಜೊತೆಗೆ ಕೊಡದಿದ್ದರೆ, ಕೇಳಿದ ಯಾರಿಗಾದರೂ ಕೊಡುತ್ತೇವೆಂದು ಕನಿಷ್ಠ 3 ವರ್ಷ ಊರ್ಜಿತವಾಗಿರುವ ಲಿಖಿತ ಭರವಸೆ ನೀಡಬೇಕು. ತಪ್ಪಿದರೆ ಬಳಸುವ ಹಕ್ಕೇ ಹೋಗುತ್ತದೆ. ಅಡಿಕೆ ತೋಟಗಳಿಗೆಂದು ಬಿಟ್ಟ ಕಾಡು, ನಮ್ಮ ಸೊಪ್ಪಿನ ಬೆಟ್ಟವೂ ಹೀಗೆಯೇ ಅಲ್ಲವೇ? ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲು ಅಡ್ಡಿಯಿಲ್ಲ. ಬೆಟ್ಟ ಬೋಳಿಸಿ ಮರ ಮಾರಹೊರಟರೆ ಊರೇ ಎದ್ದು ಕೇಳುತ್ತದೆ. ಹಾಗೆ ಕೇಳಬಲ್ಲ ನಮ್ಮವರು ಫೋನ್ ಕಂಪನಿಯ ಮುಂದೆ ಏಕೆ ಬಾಯಿ ಬಿಡುವುದಿಲ್ಲ?

ನನ್ನ ಸಿಟ್ಟು ಕಂಪನಿಗಿಂತ ಈ ಸಂಕೋಚದ ಮೇಲೆಯೇ ಹೆಚ್ಚು. ನನ್ನ ತಮ್ಮ ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಜಿಪಿಎಲ್ ಎಂದರೇನೆಂದು ಚೆನ್ನಾಗಿ ಬಲ್ಲ. ಅವನೇ, "ಅಣ್ಣ, ಅಷ್ಟು ದೊಡ್ಡ ಕಂಪನಿಯ ಜೊತೆ ಯಾರು ಜಗಳ ಕಾಯುತ್ತಾರೆ? ಹೊಸ ಫೋನ್ ಕೊಡಿಸಿದರಾಯಿತು" ಎನ್ನುತ್ತಾನೆ. ಇಲ್ಲಿ ಜರ್ಮನಿಯಲ್ಲಿ ಜಗಳ ಕಾಯ್ದವರಿದ್ದಾರೆ. ಲಿನಕ್ಸ್‌ನ ನೆಟ್‌ಫಿಲ್ಟರ್ ಭಾಗವನ್ನು ಬರೆದವರಲ್ಲಿ ಒಬ್ಬರಾದ ಹರಾಲ್ಡ್ ವೆಲ್ಟೆ, ಷರತ್ತು ಮುರಿದ ರೌಟರ್ ಕಂಪನಿಯೊಂದರ ವಿರುದ್ಧ 2004ರಲ್ಲಿ ಇದೇ ಮ್ಯೂನಿಕ್‌ನ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ನನ್ನ ಪೆಟ್ಟಿಗೆಯೊಳಗೆ ಆ ಹಾಳೆ ಬಂದದ್ದು ಅಂಥ ತೀರ್ಪುಗಳ ಹೆದರಿಕೆಯಿಂದ ಎಂದೇ ನಂಬಿದ್ದೇನೆ. ನಮ್ಮಲ್ಲಿ ಕಾನೂನಿಗೇನೂ ಬರವಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯೊಳಗೆ ಕಂಪ್ಯೂಟರ್ ಪ್ರೋಗ್ರಾಂಗಳನ್ನು 1984ರಲ್ಲೇ ಸೇರಿಸಲಾಗಿದೆ.

ಆದರೂ ತಮ್ಮನ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಕೃತಿಸ್ವಾಮ್ಯದ ದಾವೆ ಹೂಡಬೇಕಾದವರು ಕೋಡ್ ಬರೆದವರು, ಫೋನ್ ಕೊಂಡವರಲ್ಲ. ಕೊಂಡವರ ಪರವಾಗಿಯೂ ಸೋರ್ಸ್ ಕೋಡ್ ಕೇಳಬಹುದೆಂದು ವಾದಿಸಿ ಅಮೆರಿಕದ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆ, ಟಿ.ವಿ. ತಯಾರಿಸುವ ವಿಝಿಯೊ ಮೇಲೆ ಮೊಕದ್ದಮೆ ಹಾಕಿದ್ದು 2021ರಲ್ಲಷ್ಟೇ. ಕರ್ನಲ್‌ನ ಕೋಡ್ ಕೈಸೇರಿದರೂ ಕ್ಯಾಮೆರಾ, ಮೋಡೆಮ್‌ಗಳ ತಂತ್ರಾಂಶ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಅಪ್ಪಯ್ಯನ ಫೋನಿನ ಕೋಡ್ ಕೊಡದ ಕಂಪನಿಯ ಫೋನುಗಳು ಮ್ಯೂನಿಕ್‌ನ ಅಂಗಡಿಗಳಲ್ಲೂ ಇವೆ, ಅವುಗಳ ಪೆಟ್ಟಿಗೆಯಲ್ಲೂ ನನಗೆ ಅಂಥ ಹಾಳೆ ಕಂಡಿಲ್ಲ.

ಇನ್ನೊಂದು ಮಾತನ್ನು ಹೇಳದಿದ್ದರೆ ಊರಿಗೆ ಅನ್ಯಾಯ. ನನ್ನ ಫೋನಿನ ಪರದೆ ಒಡೆದಾಗ ಇಲ್ಲಿನ ಅಂಗಡಿಯವರು ಹೊಸದನ್ನು ಕೊಳ್ಳಿ ಎಂದರು. ಅಪ್ಪಯ್ಯನ ಫೋನಿನ ಪರದೆಯನ್ನು ದೇವಿಕೆರೆ ಬಳಿಯ ಹುಡುಗ ನಾವು ಚಹಾ ಕುಡಿದು ಬರುವಷ್ಟರಲ್ಲಿ ಬದಲಿಸಿದ್ದ. ಇಷ್ಟು ಬಲ್ಲವರಿರುವ ಊರಿಗೆ ಸೋರ್ಸ್ ಕೋಡ್ ಸಿಗದಿರುವುದನ್ನು ನಾನು ಸಹಿಸಲಾರೆ. ಕಂಪನಿಯ ಭಾರತದ ಕಚೇರಿಗೆ ಬರೆಯಬೇಕಾದ ಪತ್ರದ ಕರಡನ್ನು ತಮ್ಮನಿಗೆ ಕಳಿಸಿದ್ದೇನೆ. ಅದು ಅವನ ಹೆಸರಿನಲ್ಲಿ, ಶಿರಸಿಯ ವಿಳಾಸದಿಂದ, ಸ್ಪೀಡ್ ಪೋಸ್ಟ್‌ನಲ್ಲೇ ಹೋಗಬೇಕೆಂದು ಹೇಳಿದ್ದೇನೆ.