ದಮ್ಮಿಗೊಂದು ಡಬ್ಬಿ

ಮಂಡ್ಯ ಸೀಮೆಯವರು ಪುಣ್ಯವಂತರು. ರೋಗವನ್ನೂ ಮದ್ದನ್ನೂ ಒಂದೇ ಗದ್ದೆಯಲ್ಲಿ ಬೆಳೆದುಕೊಳ್ಳುವ ಭಾಗ್ಯ ಎಲ್ಲರಿಗೂ ಎಲ್ಲಿ ಬರಬೇಕು?

ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಬೀಳುತ್ತದೆ, ಕಬ್ಬು ಆಲೆಮನೆ ಸೇರುತ್ತದೆ. ರಸ ಹಿಂಡಿ ಉಳಿದ ರಚ್ಚನ್ನೇ ಒಣಗಿಸಿ ಒಲೆಗೆ ಹಾಕುವುದು ಹಿಂದಿನಿಂದ ಬಂದ ಪದ್ಧತಿ. ಕೆಲವು ಕಡೆ ಅದು ಸಾಲದೆ, ಹಳೆಯ ಟೈರು, ಹರಿದ ಚಪ್ಪಲಿ, ಪಟ್ಟಣದ ಪ್ಲಾಸ್ಟಿಕ್ ಕಸವೆಲ್ಲ ಕೊಪ್ಪರಿಗೆಯ ಅಡಿ ಸೇರುತ್ತವೆ. ಉರಿ ಜೋರು, ಖರ್ಚು ಕಡಿಮೆ, ಹೊಗೆ ಊರಿಗೆಲ್ಲ ಬಿಟ್ಟಿ. ದೂರು ಕೊಟ್ಟರೆ ನೋಟಿಸ್ ಹೊರಡುತ್ತದೆ. ಹೊಗೆಯಷ್ಟು ವೇಗವಾಗಿ ಅದು ಯಾವತ್ತೂ ತಲುಪಿದ್ದಿಲ್ಲ.

ಊರು ಕೆಮ್ಮತೊಡಗಿದಾಗ ದಮ್ಮಿಗೆಂದು ಲೇಹ್ಯದ ಡಬ್ಬಿ ಬರುತ್ತದೆ. ಡಬ್ಬಿಯ ಮೇಲೆ ಗುಲಾಬಿ ಬಣ್ಣದ ಶ್ವಾಸಕೋಶ, ಅದರ ಸುತ್ತ ಚಿನ್ನದ ಕವಚ. ‘ಆ್ಯಂಟಿಆಕ್ಸಿಡೆಂಟ್, ಸತು, ಸೆಲೆನಿಯಂ, ಮೆಗ್ನೀಸಿಯಂ ಭರಿತ.’ ಹಿಂಬದಿಯಲ್ಲಿ, ಸಾಸಿವೆಕಾಳು ಕೂಡ ದೊಡ್ಡದೆನಿಸುವ ಅಕ್ಷರಗಳಲ್ಲಿ, ಮೊದಲ ಘಟಕದ ಹೆಸರು: ಬೆಲ್ಲ.

ಶಾಮಿಯಾನದಡಿ ಉಚಿತ ತಪಾಸಣೆಯೂ ಉಂಟು. ಕಂಪನಿಯ ಹುಡುಗ ಪ್ಲಾಸ್ಟಿಕ್ ಕೊಳವೆಯೊಂದನ್ನು ಹಿರಿಯರ ಬಾಯಿಗಿಡುತ್ತಾನೆ. ‘ಊದಿ ಯಜಮಾನರೇ.’ ಅವರು ಊದುತ್ತಾರೆ, ಮುಳ್ಳು ಅರ್ಧಕ್ಕೇ ನಿಲ್ಲುತ್ತದೆ. ಪಕ್ಕದ ಆಲೆಮನೆಯ ಕಪ್ಪು ಹೊಗೆ ಶಾಮಿಯಾನದೊಳಕ್ಕೇ ನುಗ್ಗುತ್ತಿರುವಾಗ ಇನ್ನೆಲ್ಲಿಗೆ ಏರಬೇಕು?

‘ದಮ್ಮಿನ ಪಂಪ್ ಬಿಟ್ಟುಬಿಡಬಹುದೇ ಸ್ವಾಮಿ?’

‘ಪಂಪ್ ಚಟ ಹಿಡಿಸುತ್ತದೆ ಯಜಮಾನರೇ. ಇದು ಬರೀ ಆಹಾರ. ದಿನಕ್ಕೆ ಎರಡು ಚಮಚ, ಆರು ತಿಂಗಳು ಬಿಡಬಾರದು.’

ಒಂದು ಒತ್ತಿಗೆ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಮದ್ದನ್ನು 100 ಮೈಕ್ರೋಗ್ರಾಂ ಕೊಡುವ ಪಂಪ್ (ಇನ್‌ಹೇಲರ್) ಚಟವಂತೆ, ಆರು ತಿಂಗಳು ಬಿಡಬಾರದ ಲೇಹ್ಯ ಚಟವಲ್ಲವಂತೆ. ‘ಆಹಾರ’ ಎಂದದ್ದು ಬಾಯಿತಪ್ಪಿ ಬಂದ ಮಾತೂ ಅಲ್ಲ. 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯ ಪ್ರಕಾರ ಯಾವ ಔಷಧವೂ ಅಸ್ತಮಾ ಗುಣಪಡಿಸುತ್ತೇನೆಂದು ಹೇಳಿಕೊಳ್ಳುವಂತಿಲ್ಲ. ಹಾಗಾಗಿ ಡಬ್ಬಿಯ ಮೇಲೆ ಅದು ಆಹಾರ, ಮೈಕಿನಲ್ಲಿ ಸಂಜೀವಿನಿ.

ಇದರಲ್ಲಿ ವಿಜ್ಞಾನವೇ ಇಲ್ಲವೆಂದರೆ ಅನ್ಯಾಯವಾದೀತು. ಹೊಗೆ ಒಳಹೊಕ್ಕಾಗ ಶ್ವಾಸನಾಳದಲ್ಲಿ ಜೀವಕೋಶ ಕೆಡಿಸುವ ಉತ್ಕರ್ಷಣದ (ಆಕ್ಸಿಡೇಶನ್) ಹಾವಳಿ ಏಳುತ್ತದೆ. ಅದನ್ನು ಹತ್ತಿಕ್ಕುವ ಕಿಣ್ವಗಳ ಪೈಕಿ ಗ್ಲುಟಾಥಯೋನ್ ಪೆರಾಕ್ಸಿಡೇಸ್‌ಗೆ ಸೆಲೆನಿಯಂ ಬೇಕು, ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್‌ಗೆ ತಾಮ್ರ, ಸತು ಬೇಕು. ಕಂಪನಿಯವರು ಓದುವುದು ಇಲ್ಲಿಯವರೆಗೆ ಮಾತ್ರ. ಮುಂದಿನ ಪುಟದಲ್ಲಿ ವ್ಯಾಪಾರಕ್ಕೆ ಕಲ್ಲು ಹಾಕುವ ಸಂಗತಿಗಳಿವೆ. ಲಂಡನ್‌ನಲ್ಲಿ ಅಸ್ತಮಾ ಇದ್ದವರಿಗೆ 24 ವಾರ ಸೆಲೆನಿಯಂ ಕೊಟ್ಟು ನೋಡಿದರು. 2007ರಲ್ಲಿ ಬಂದ ಫಲಿತಾಂಶ: ಮದ್ದಿಲ್ಲದ ಸಪ್ಪೆ ಮಾತ್ರೆ ತಿಂದವರಿಗಿಂತ ಹೆಚ್ಚಿನ ಲಾಭವೇನೂ ಇಲ್ಲ. ಮೆಗ್ನೀಸಿಯಂ ನಿಜಕ್ಕೂ ಉಪಕಾರಿ, ಆದರೆ ಉಸಿರು ತೀರ ಕಟ್ಟಿದಾಗ, ಆಸ್ಪತ್ರೆಯಲ್ಲಿ, ರಕ್ತನಾಳದ ಮೂಲಕ. ಚಮಚದಲ್ಲಿ ನೆಕ್ಕಿದರೆ ಆ ಕೆಲಸವಾಗುವುದಿಲ್ಲ. ಆಸ್ಟ್ರೇಲಿಯದ 2012ರ ಅಧ್ಯಯನ ಇನ್ನೂ ನಿರ್ದಯಿ. ಹಣ್ಣು ತರಕಾರಿ ಕಡಿಮೆ ತಿಂದವರಲ್ಲಿ ಅಸ್ತಮಾ ಬೇಗ ಕೆರಳಿತು, ಅಂಥವರಿಗೆ ಟೊಮೆಟೊ ಸಾರದ ಗುಳಿಗೆ ಕೊಟ್ಟರೂ ಪ್ರಯೋಜನವಾಗಲಿಲ್ಲ. ಕೆಲಸ ಮಾಡಿದ್ದು ಊಟ. ನುಗ್ಗೆಸೊಪ್ಪಿನ ಉಪ್ಪುಸಾರು, ಸೀಬೆಹಣ್ಣು, ಬೆಟ್ಟದ ನೆಲ್ಲಿಕಾಯಿಗೆ ಡಬ್ಬಿಯಿಲ್ಲ, ಏಜೆಂಟನಿಲ್ಲ, ಶಾಮಿಯಾನವಿಲ್ಲ. ಅವನ್ನು ಯಾರು ಕೇಳುತ್ತಾರೆ?

ಈಗ ಮತ್ತೆ ಆ ಬೆಲ್ಲದ ವಿಷಯ. ಬೆಲ್ಲ ಕಪ್ಪಾದರೆ ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆಂದು ಪಾಕಕ್ಕೆ ಹೈಡ್ರೋಸ್ ಸುರಿಯುವವರಿದ್ದಾರೆ. ಅದು ಸೋಡಿಯಂ ಹೈಡ್ರೋಸಲ್ಫೈಟ್, ಬಣ್ಣ ತಿಳಿಯಾಗಿಸುವ ಗಂಧಕದ ರಾಸಾಯನಿಕ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 70 ಭಾಗ) ಮೀರಬಾರದೆಂಬ ನಿಯಮವಿದೆ. ಬೆಲ್ಲದ ಹಳದಿ ಹೊಳಪು ನೋಡಿದರೆ ನಿಯಮ ಎಷ್ಟು ಪಾಲನೆಯಾಗಿದೆ ಎಂಬ ಅನುಮಾನ ತಾನಾಗಿ ಹುಟ್ಟುತ್ತದೆ. ತಮಾಷೆ ಎಂದರೆ, ಇಂಥ ಗಂಧಕದ ಸಂಯುಕ್ತಗಳಾದ ಸಲ್ಫೈಟ್‌ಗಳು ಆಹಾರದಲ್ಲಿ ಮಾಡುವುದೂ ಉತ್ಕರ್ಷಣ ತಡೆಯುವ ಕೆಲಸವನ್ನೇ. ಅಸ್ತಮಾ ಇರುವ ಕೆಲವರಿಗೆ ಉಬ್ಬಸ ಎಬ್ಬಿಸುವುದೂ ಅವೇ. ಅಂದರೆ ಅಂಥ ಬೆಲ್ಲದ ಲೇಹ್ಯದಲ್ಲಿ ನಂಬಿಕೆಗೆ ಅರ್ಹವಾದ ಒಂದೇ ಒಂದು ಆ್ಯಂಟಿಆಕ್ಸಿಡೆಂಟ್ ಇದ್ದರೆ, ಅದು ಕೊಂಡವನ ಎದೆ ಹಿಡಿಸುವಂಥದ್ದು! ಕಂಪನಿ ಅದಕ್ಕೆ ಬೇರೆ ದುಡ್ಡನ್ನೂ ಕೇಳುವುದಿಲ್ಲ.

ಒಂದು ಸಂಗತಿ ಮಾತ್ರ ನಮ್ಮ ಆಳುವವರ ಕಿವಿಗೆ ಬೀಳದಿರಲಿ. ಮೆಕ್ಸಿಕೊ ನಗರದ ಕೆಟ್ಟ ಗಾಳಿಯಲ್ಲಿ, ಅಸ್ತಮಾ ಇದ್ದ ಮಕ್ಕಳಿಗೆ ಸಿ ಮತ್ತು ಇ ಜೀವಸತ್ವ ಕೊಟ್ಟಾಗ, ಆ ಗಾಳಿಯಲ್ಲಿನ ಮಾಲಿನ್ಯಕಾರಿ ಓಝೋನಿನ ಪೆಟ್ಟು ತುಸು ತಗ್ಗಿತ್ತೆಂದು 2002ರ ಅಧ್ಯಯನ ಹೇಳುತ್ತದೆ. ಇದು ಗೊತ್ತಾದರೆ ಟೈರು ಸುಡುವುದನ್ನು ನಿಲ್ಲಿಸುವ ತಾಪತ್ರಯವೇ ತಪ್ಪಿತು. ಹೊಗೆಗೆ ಪರವಾನಗಿ, ಶಾಲೆ ಮಕ್ಕಳಿಗೆ ಲೇಹ್ಯಭಾಗ್ಯ. ಟೆಂಡರ್ ಕರೆಯುತ್ತಾರೆ, ಕಡಿಮೆ ದರ ಕೂಗಿದವರಿಗೆ ಕೊಡುತ್ತಾರೆ, ಅವರು ಬೆಲ್ಲ ಕೊಳ್ಳಲು ಟೈರು ಸುಟ್ಟು ಅಗ್ಗಕ್ಕೆ ಮಾರುವ ಆಲೆಮನೆಗೇ ಬರುತ್ತಾರೆ.