ಕ್ವೈಟ್ ಗುಡ್ ಅಂದ್ರೆ ಎಷ್ಟು ಗುಡ್ಡು?

ಮೂರು ದಿನ ಕೂತು ಬರೆದ ರಿಪೋರ್ಟಿಗೆ ಇಲ್ಲಿ ಇಂಗ್ಲೆಂಡಿನ ನಮ್ಮ ಮ್ಯಾನೇಜರು "ಕ್ವೈಟ್ ಗುಡ್" ಅಂತ ಬರೆದು ಕಳಿಸಿದ್ರು, ನಾನು ಹಿಗ್ಗಿ ಅದನ್ನ ಅಮೆರಿಕದಲ್ಲಿರೋ ಅಕ್ಕಂಗೆ ಫಾರ್ವರ್ಡ್ ಮಾಡ್ದೆ, ಅವಳೂ "ತುಂಬಾ ಚೆನ್ನಾಗಿದೆ ಅಂದಿದಾರೆ ಕಣೋ, ಭೇಷ್" ಅಂದ್ಳು. ಮಾರನೇ ದಿನ ಪಕ್ಕದ ಸೀಟಿನ ಇಂಗ್ಲಿಷ್ ಹುಡುಗ ಅದನ್ನ ಓದಿ, ಬೇಜಾರ್ ಮಾಡ್ಕೋಬೇಡ, ಮುಂದಿನ ಸಲ ನೋಡೋಣ ಅನ್ನೋದಾ!

ಆಮೇಲೆ ಗೊತ್ತಾಯ್ತು, ಅಮೆರಿಕದಲ್ಲಿ ಕ್ವೈಟ್ ಅಂದ್ರೆ ಸಾಮಾನ್ಯವಾಗಿ 'ಬಹಳ', ಇಲ್ಲಿ 'ಸುಮಾರಾಗಿ'. ಅದೂ ಯಾವಾಗ್ಲೂ ಅಲ್ಲ. "ಕ್ವೈಟ್ ಇಂಪಾಸಿಬಲ್" ಅಂದ್ರೆ ಇವರಿಗೂ ಸುತರಾಂ ಆಗಲ್ಲ ಅಂತಾನೇ, ಯಾಕಂದ್ರೆ ಅರ್ಧ ಅಸಾಧ್ಯ ಅನ್ನೋದು ಇಲ್ವಲ್ಲ. "ಕ್ವೈಟ್ ಎ ಫ್ಯೂ" ಅಂದ್ರೆ ಸ್ವಲ್ಪ ಅಲ್ಲ, ಬಹಳಷ್ಟು! ಬರೀ "ಕ್ವೈಟ್" ಅಂತ ಹೇಳಿ ಸುಮ್ಮನಾದ್ರೆ ಹೌದ್ಹೌದು ಅಂತ.

ಮೂಲ ಹುಡುಕಿದ್ರೆ ಇನ್ನೂ ಸಿಟ್ಟು ಬರುತ್ತೆ. ಲ್ಯಾಟಿನ್ನಿನ ಕ್ವಿಯೇಟಸ್ ಅಂದ್ರೆ ಶಾಂತ, ನಿರಾಳ. ಹಳೇ ಫ್ರೆಂಚಿಗೆ ಬರೋ ಹೊತ್ತಿಗೆ ಸಾಲದಿಂದ, ಹೊಣೆಯಿಂದ ಬಿಡುಗಡೆ ಆದವನು ಅಂತಾಯ್ತು. ಸದ್ದಿಲ್ಲದ ಕ್ವೈಯೆಟ್ಟು, ಕೆಲಸ ಬಿಡೋ ಕ್ವಿಟ್ಟು, ಕೋರ್ಟಿನ ಅಕ್ವಿಟ್ಟು, ನಾಚ್ಕೊಳ್ಳೋ ಕಾಯ್ (coy) ಕೂಡ ಇದರ ದಾಯಾದಿಗಳೇ. ಇಂಗ್ಲಿಷಲ್ಲೂ ಇದರ ಹಳೇ ಅರ್ಥ 'ಪೂರ್ತಿಯಾಗಿ', ಅಂದ್ರೆ ಲೆಕ್ಕ ಚುಕ್ತಾ. ಈ 'ತಕ್ಕಮಟ್ಟಿಗೆ' ಬಂದಿದ್ದು ತುಂಬಾ ತಡವಾಗಿ, 19ನೇ ಶತಮಾನದಲ್ಲಿ. ಪೂರ್ತಿ ಚುಕ್ತಾ ಆಗಿದ್ದ ಪದ ನನ್ನ ರಿಪೋರ್ಟ್ ಹತ್ರ ಬಂದಾಗ ಮಾತ್ರ ಅರ್ಧ ಬಾಕಿ ಇಟ್ಕೊಂಡಿತ್ತು.

ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅನ್ನಿ ಮಾರಾಯ್ರೆ, ಕನ್ನಡದಲ್ಲಿ ನಾವು ಹಾಗೇ ಅಲ್ವಾ ಅನ್ನೋದು, ಅಂತ ಎರಡು ದಿನ ಗೊಣಗ್ತಾ ಇದ್ದೆ.

ಆಮೇಲೆ ಅದೇ ರಿಪೋರ್ಟನ್ನ ಅಕ್ಕಂಗೆ ಕಳಿಸಿ, ನೀನೇ ಓದಿ ಹೇಳು ಅಂದೆ. "ಪರವಾಗಿಲ್ಲ ಕಣೋ" ಅಂತ ಮೆಸೇಜ್ ಬಂತು.

ಪರವಾ ಅನ್ನೋದೂ ಪಾರ್ಸಿಯಿಂದ ಬಂದ ಪದ, ಅಲ್ಲಿ ಅದಕ್ಕೆ ಚಿಂತೆ, ಲಕ್ಷ್ಯ ಅಂತ ಅರ್ಥ. ನಾವದನ್ನ ಕಾಲು ತುಳಿದು ಸಾರಿ ಕೇಳಿದವರಿಗೂ ಹೇಳ್ತೀವಿ, ಸುಮಾರಾಗಿದ್ರೂ ಹೇಳ್ತೀವಿ, ರಾಗ ಎಳೆದು "ಪರ್ವಾಗಿಲ್ವೇ!" ಅಂದ್ರೆ ಶಹಭಾಸ್‌ಗಿರಿ. ಮೆಸೇಜಲ್ಲಿ ರಾಗ ಎಲ್ಲಿಂದ ಬರ್ಬೇಕು. ಫೋನ್ ಮಾಡಿ ಕೇಳೋಣ ಅಂತ ಎರಡು ಸಲ ನಂಬರ್ ಒತ್ತಿ ಕಟ್ ಮಾಡಿದೀನಿ.