ಬ್ಲಾಕ್ ಅನ್ನಬೇಡಿ, ರೀಸೇಲ್ ಅನ್ನಿ

ಹಿಂದೆ ಬ್ಲಾಕ್‌ನಲ್ಲಿ ಟಿಕೆಟ್ ಮಾರುವವನಿಗೆ ಒಂದು ಮುಖ ಇತ್ತು. ಕ್ರೀಡಾಂಗಣದ ಗೇಟಿನ ಹತ್ತಿರ, ಪೊಲೀಸರ ಕಣ್ಣಿಗೆ ಬೀಳದಷ್ಟು ದೂರ, ಗಿರಾಕಿಯ ಕಣ್ಣಿಗೆ ಬೀಳುವಷ್ಟು ಹತ್ತಿರ ನಿಂತಿರುತ್ತಿದ್ದ. ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ಆಕಾಶ ನೋಡುತ್ತಾ, ತುಟಿ ಅಲ್ಲಾಡಿಸದೆ ಬೆಲೆ ಹೇಳುತ್ತಿದ್ದ. ಮಳೆ ಬಂದರೆ ನೆನೆಯುತ್ತಿದ್ದ. ಲಾಠಿ ಕಂಡರೆ ಓಡುತ್ತಿದ್ದ. ಆಟ ಶುರುವಾಗಿ ಹತ್ತು ನಿಮಿಷವಾದರೂ ಟಿಕೆಟ್ ಕೈಯಲ್ಲೇ ಉಳಿದರೆ ಅರ್ಧ ಬೆಲೆಗೆ ಕೊಟ್ಟು, ನಮಗೆ ಉಪಕಾರ ಮಾಡಿದವನ ಹಾಗೆ ಹೊರಟುಹೋಗುತ್ತಿದ್ದ. ಕಳ್ಳವ್ಯಾಪಾರವೇ, ಒಪ್ಪೋಣ. ಆದರೂ ಮೈ ಬೆವರಿಸಿ ಮಾಡುತ್ತಿದ್ದ ಕಳ್ಳವ್ಯಾಪಾರ.

ಈಗ ಅವನಿಗೆ ಬಡ್ತಿ ಸಿಕ್ಕಿದೆ. ವೆಬ್‌ಸೈಟ್ ಇದೆ, ಲೋಗೋ ಇದೆ, ಕಸ್ಟಮರ್ ಕೇರ್ ಇದೆ. 'ನೂರಕ್ಕೆ ನೂರು ಗ್ಯಾರಂಟಿ' ಎಂದು ಹೇಳುವ ಹಸಿರು ಟಿಕ್ ಮಾರ್ಕ್ ಕೂಡ ಇದೆ. ಇಂಥವನ ವ್ಯವಹಾರಕ್ಕೆ ಬ್ಲಾಕ್ ಅನ್ನುವುದು ಅವಮಾನ. ರೀಸೇಲ್ ಅನ್ನಬೇಕು. ಇನ್ನೂ ಮರ್ಯಾದೆಯಿಂದ ಹೇಳುವುದಾದರೆ 'ಅಭಿಮಾನಿಯಿಂದ ಅಭಿಮಾನಿಗೆ'. ಒಬ್ಬನೇ ಅಭಿಮಾನಿಯ ಹತ್ತಿರ ಒಂದೇ ಶೋನ ನಾನೂರು ಟಿಕೆಟ್ ಹೇಗೆ ಬಂತು ಅಂತ ಕೇಳಬಾರದು. ಅಭಿಮಾನ ಜಾಸ್ತಿ ಇರಬೇಕು, ಪಾಪ.

ನನಗೆ ಇಷ್ಟವಾದ ಬ್ಯಾಂಡ್ ಒಂದರ ಕಾನ್ಸರ್ಟ್‌ಗೆ ನಾನೂ ಒಮ್ಮೆ ಟಿಕೆಟ್ ಕೊಳ್ಳಲು ಹೋದೆ. ಬ್ಯಾಂಡಿನ ಹೆಸರು ಬೇಡ, ಸೈಟಿನ ಹೆಸರೂ ಬೇಡ. ಹತ್ತು ಗಂಟೆಗೆ ಮಾರಾಟ ಶುರು ಅಂತ ಇತ್ತು. ಒಂಬತ್ತೂವರೆಗೇ ಕೂತೆ. ಎದುರಿಗೆ ಲ್ಯಾಪ್‌ಟಾಪ್, ಬಲಕ್ಕೆ ನನ್ನ ಫೋನ್, ಎಡಕ್ಕೆ ಹೆಂಡತಿಯ ಫೋನ್. ಕಾರ್ಡಿನ ಹದಿನಾರು ಅಂಕಿ ಬಾಯಿಪಾಠ. ಹತ್ತಕ್ಕೆ ಸರಿಯಾಗಿ ಪರದೆ ಮೇಲೆ ಅಕ್ಷರ ಮೂಡಿತು: 'ನೀವು ಈಗ ಸಾಲಿನಲ್ಲಿದ್ದೀರಿ. ನಿಮ್ಮ ಮುಂದೆ 61,214 ಜನ ಇದ್ದಾರೆ.' ಕೆಳಗೆ ಒಂದು ಗೆರೆ. ಗೆರೆಯ ಮೇಲೆ ಒಬ್ಬ ಪುಟಾಣಿ ಮನುಷ್ಯ ನಡೆಯುತ್ತಿದ್ದ. ಕಾಲು ಅಲ್ಲಾಡುತ್ತಿತ್ತು, ಆಸಾಮಿ ಮಾತ್ರ ಇದ್ದಲ್ಲೇ ಇದ್ದ. ನನ್ನದೇ ಫೋಟೋ ಹಾಕಿದ್ದಾರೇನೋ ಅನ್ನಿಸಿತು.

ನಿಜವಾದ ಸಾಲಿನಲ್ಲಿ ನಿಲ್ಲುವುದರಲ್ಲಿ ಒಂದು ಸುಖ ಇದೆ. ಮುಂದಿನವನ ಬೆನ್ನು ಕಾಣುತ್ತದೆ. ಮಧ್ಯೆ ಯಾರಾದರೂ ನುಗ್ಗಿದರೆ 'ಏನ್ರೀ, ನಾವೇನು ಕಣ್ಣಿಗೆ ಕಾಣ್ತಿಲ್ವಾ?' ಅಂತ ಜಗಳಕ್ಕೆ ನಿಲ್ಲಬಹುದು. ಹಿಂದಿನವನಿಗೆ 'ಸ್ವಲ್ಪ ನೋಡ್ಕೊಳ್ಳಿ ಸಾರ್' ಎಂದು ಹೇಳಿ ಹೋಗಿ ಬರಬಹುದು. ಈ ಸಾಲಿನಲ್ಲಿ ಅದ್ಯಾವುದೂ ಇಲ್ಲ. ನುಗ್ಗುವವನು ಕಾಣುವುದಿಲ್ಲ. 'ಪುಟ ರಿಫ್ರೆಶ್ ಮಾಡಬೇಡಿ, ಮಾಡಿದರೆ ನಿಮ್ಮ ಜಾಗ ಹೋಗುತ್ತದೆ' ಎಂಬ ಬೆದರಿಕೆ ಬೇರೆ. ಫೋನಿನ ಪರದೆ ಆರಿಹೋಗಬಾರದು ಅಂತ ಹೆಬ್ಬೆರಳಿನಿಂದ ಸವರುತ್ತಾ ಕೂತೆ, ಜ್ವರ ಬಂದ ಮಗುವಿನ ಹಣೆ ಸವರಿದ ಹಾಗೆ.

ಮುಕ್ಕಾಲು ಗಂಟೆ ಕಳೆದು ನನ್ನ ಸರದಿ ಬಂತು. ಬಂದ ಕೂಡಲೇ ಪರೀಕ್ಷೆ. 'ನೀವು ರೋಬೋಟ್ ಅಲ್ಲ ಎಂದು ತೋರಿಸಿ. ಸೈಕಲ್ ಇರುವ ಚೌಕಗಳನ್ನು ಒತ್ತಿ.' ಒಂದು ಚೌಕದ ಮೂಲೆಯಲ್ಲಿ ಚಕ್ರದ ಒಂದು ಚೂರು ಮಾತ್ರ ಇತ್ತು. ಅದನ್ನು ಸೈಕಲ್ ಅನ್ನಬಹುದಾ? ಅನುಮಾನ ಬಂದು ಬಿಟ್ಟೆ. ಫೇಲ್. ಎರಡನೇ ಸಲ ಟ್ರಾಫಿಕ್ ದೀಪ. ದೀಪದ ಕಂಬವೂ ದೀಪದ ಲೆಕ್ಕಕ್ಕೆ ಬರುತ್ತದಾ? ಮತ್ತೆ ಫೇಲ್. ಮೂರನೇ ಸಲಕ್ಕೆ ನಾನು ಮನುಷ್ಯ ಎಂದು ಕಂಪ್ಯೂಟರ್ ಒಪ್ಪಿಕೊಂಡಿತು. ಅಷ್ಟರಲ್ಲಿ ರೋಬೋಟ್‌ಗಳು ಟಿಕೆಟ್ ಕೊಂಡು ಮನೆ ಸೇರಿದ್ದವು.

'ಕ್ಷಮಿಸಿ, ಎಲ್ಲ ಟಿಕೆಟ್ ಮುಗಿದಿವೆ.' ಆ ಸಾಲಿನ ಕೆಳಗೇ ಒಂದು ಗುಂಡಿ: 'ರೀಸೇಲ್ ಟಿಕೆಟ್ ನೋಡಿ'. ಮುಗಿದು ಒಂದು ನಿಮಿಷ ಆಗಿಲ್ಲ, ಮರುಮಾರಾಟಕ್ಕೆ ಬಂದಿವೆ. ಹೋಟೆಲಿನಲ್ಲಿ ದೋಸೆ ಮುಗೀತು ಅಂದ ಸಪ್ಲಯರ್ರೇ ಹಿತ್ತಲ ಬಾಗಿಲಲ್ಲಿ ಅದೇ ದೋಸೆ ಹಿಡಿದು ನಿಂತ ಹಾಗೆ. ಬೆಲೆ ನಾಲ್ಕು ಪಟ್ಟು. ಪಕ್ಕದಲ್ಲಿ ಕೆಂಪು ಅಕ್ಷರ: 'ಇನ್ನು 2 ಟಿಕೆಟ್ ಮಾತ್ರ!' ಅದರ ಕೆಳಗೆ: 'ಈಗ 143 ಜನ ಇದನ್ನೇ ನೋಡುತ್ತಿದ್ದಾರೆ!' ಮೇಲೆ ಒಂದು ಗಡಿಯಾರ ಹಿಮ್ಮುಖವಾಗಿ ಓಡುತ್ತಿತ್ತು. ಐದು ನಿಮಿಷದೊಳಗೆ ಕೊಳ್ಳದಿದ್ದರೆ ಬಾಂಬ್ ಸಿಡಿಯುತ್ತದೇನೋ ಎನ್ನುವ ಹಾಗೆ.

ಈ 'ಎರಡೇ ಉಳಿದಿವೆ' ವಿದ್ಯೆ ಕೋರ್ಟನ್ನೂ ನೋಡಿ ಬಂದಿದೆ. ವಯಾಗೋಗೋ ಎಂಬ ರೀಸೇಲ್ ಕಂಪನಿಗೆ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ 2020ರಲ್ಲಿ 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಟಿಕೆಟ್ ಇನ್ನೇನು ಮುಗಿದೇಹೋಯಿತು ಅಂತ ಸೈಟ್ ಕೂಗುತ್ತಿತ್ತು. ಮುಗಿಯುತ್ತಿದ್ದದ್ದು ಆ ಸೈಟಿನಲ್ಲಿದ್ದ ಟಿಕೆಟ್ ಮಾತ್ರ. ತನ್ನ ಅಂಗಡಿಯ ಕಪಾಟು ಖಾಲಿಯಾಗಿದ್ದಕ್ಕೆ ಊರಿಗೇ ಬರ ಬಂತು ಅಂತ ಡಂಗುರ ಸಾರಿದರೆ ಇನ್ನೇನಾಗುತ್ತದೆ?

ಇದಕ್ಕಿಂತ ಮೇಲಿನ ವಿದ್ಯೆ ಒಂದಿದೆ. ಅಸಲಿ ಮಾರಾಟ ಇನ್ನೂ ಶುರುವಾಗಿರುವುದಿಲ್ಲ, ಆಗಲೇ ರೀಸೇಲ್‌ನಲ್ಲಿ ಟಿಕೆಟ್ ಇರುತ್ತದೆ. ಸ್ಟ್ಯಾಂಡು, ಸಾಲು, ಬೆಲೆ ಎಲ್ಲಾ ಬರೆದಿರುತ್ತದೆ. ಟಿಕೆಟ್ ಮಾತ್ರ ಮಾರುವವನ ಹತ್ತಿರ ಇಲ್ಲ. ಮೊದಲು ಮಾರುತ್ತಾನೆ, ಆಮೇಲೆ ಹುಡುಕುತ್ತಾನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡು ನಗುತ್ತಿದ್ದೆವು. ಈ ಮಹಾನುಭಾವ ಕೂಸನ್ನೇ ಮಾರಿದ್ದಾನೆ. ಕೂಸು ಹುಟ್ಟಲಿಲ್ಲ ಅಂದರೆ? ದುಡ್ಡು ವಾಪಸ್ ಅಂತೆ. ಅಷ್ಟರಲ್ಲಿ ನೀವು ಬಸ್ಸು, ರೈಲು, ರೂಮು ಎಲ್ಲಾ ಬುಕ್ ಮಾಡಿ, ಗೇಟಿನ ಮುಂದೆ ನಿಂತು, ಸ್ಕ್ಯಾನರ್ ಕೆಂಪು ದೀಪ ತೋರಿಸಿದ್ದನ್ನು ನೋಡಿರುತ್ತೀರಿ. ಅದಕ್ಕೆ ಗ್ಯಾರಂಟಿ ಅನ್ವಯಿಸುವುದಿಲ್ಲ.

ಕಾನೂನು ಇಲ್ಲವೇ ಅಂತ ಕೇಳಬೇಡಿ. ಇದೆ. ಸಾವಿರಗಟ್ಟಲೆ ಟಿಕೆಟ್ ಗುಡಿಸುವ ಬಾಟ್ ಸಾಫ್ಟ್‌ವೇರ್ ವಿರುದ್ಧ ಅಮೆರಿಕ 2016ರಲ್ಲೇ ಕಾನೂನು ಮಾಡಿತು. ಅದರ ಕೆಳಗೆ ಮೊದಲ ಕೇಸು ಬಂದದ್ದು 2021ರಲ್ಲಿ. ಬಾಟ್ ಸೆಕೆಂಡಿನ ಲೆಕ್ಕದಲ್ಲಿ ಓಡುತ್ತದೆ, ಕಾನೂನು ಪಂಚಾಂಗದ ಲೆಕ್ಕದಲ್ಲಿ. ಇಂಗ್ಲೆಂಡಿನ ಲೀಡ್ಸ್ ಕೋರ್ಟ್ 2020ರಲ್ಲಿ ಇಬ್ಬರು ಟಿಕೆಟ್ ದಲ್ಲಾಳಿಗಳನ್ನು ಜೈಲಿಗೆ ಕಳಿಸಿತು. ಟಿಕೆಟ್ ಕೊಳ್ಳಲು ಅವರು ಬಳಸಿದ್ದ ಹೆಸರು 97, ವಿಳಾಸ 88, ಇಮೇಲ್ 290ಕ್ಕೂ ಹೆಚ್ಚು. ನನಗಿರುವುದು ಒಂದೇ ಹೆಸರು, ಅದಕ್ಕೂ ಸಮಯಕ್ಕೆ ಸರಿಯಾಗಿ ಒಟಿಪಿ ಬರುವುದಿಲ್ಲ. ದೇವರಿಗೆ ಸಹಸ್ರನಾಮ ಇರುವುದು ಯಾಕೆ ಅಂತ ಈಗ ಅರ್ಥವಾಯಿತು. ಅವನಿಗೆ ಎಲ್ಲ ಶೋಗೂ ಟಿಕೆಟ್ ಸಿಗುತ್ತಿರಬೇಕು.

ಇಂಗ್ಲೆಂಡ್ ಅಂದ ಮೇಲೆ ಅಲ್ಲಿನ ಕುರ್ಚಿಯ ಕಥೆ ಹೇಳಲೇಬೇಕು. ನನಗೆ ಬಹಳ ಇಷ್ಟವಾದ ಕಥೆ ಅದು. ಅಲ್ಲಿ ಫುಟ್‌ಬಾಲ್ ಟಿಕೆಟನ್ನು ಅನುಮತಿ ಇಲ್ಲದೆ ಮಾರುವುದು 1994ರಿಂದ ಅಪರಾಧ. ಲಾಭ ಇಟ್ಟು ಮಾರಬೇಕೆಂದೇನೂ ಇಲ್ಲ, ಕೊಂಡ ಬೆಲೆಗೇ ಕೊಟ್ಟರೂ ಅಪರಾಧ. ಕಾರಣ ಸರಿಯಾಗೇ ಇದೆ. ಎರಡು ತಂಡದ ಅಭಿಮಾನಿಗಳನ್ನು ಬೇರೆ ಬೇರೆ ಕೂರಿಸಬೇಕು. ಯಾರ್ಯಾರೋ ಯಾರ್ಯಾರಿಗೋ ಟಿಕೆಟ್ ಮಾರಿದರೆ ವೈರಿಗಳ ಮಡಿಲಲ್ಲೇ ಹೋಗಿ ಕೂರುತ್ತಾರೆ, ಹೊಡೆದಾಟ ಆಗುತ್ತದೆ. ಸರಿ. ಈಗ ವೆಂಬ್ಲಿ ಕ್ರೀಡಾಂಗಣದ ಒಂದು ಕುರ್ಚಿ ತೆಗೆದುಕೊಳ್ಳಿ. ಈ ಶನಿವಾರ ಫುಟ್‌ಬಾಲ್. ಆ ಕುರ್ಚಿಯ ಟಿಕೆಟ್ ಮಾರಿದವನು ಅಪರಾಧಿ. ಮುಂದಿನ ಶನಿವಾರ ಅದೇ ಮೈದಾನದಲ್ಲಿ ವೇದಿಕೆ ಕಟ್ಟಿ ಕಾನ್ಸರ್ಟ್. ಅದೇ ಮನುಷ್ಯ ಅದೇ ಕುರ್ಚಿಯನ್ನು ಐದು ಪಟ್ಟು ಬೆಲೆಗೆ ಮಾರಿದರೆ ಅವನು ಉದ್ಯಮಿ. ಕುರ್ಚಿ ಬದಲಾಗಿಲ್ಲ, ಮನುಷ್ಯ ಬದಲಾಗಿಲ್ಲ. ಕೆಳಗೆ ಚೆಂಡು ಇದೆಯೋ ಗಿಟಾರ್ ಇದೆಯೋ ನೋಡಿಕೊಂಡು ಪೊಲೀಸರು ಪಾಪಪುಣ್ಯ ತೀರ್ಮಾನ ಮಾಡಬೇಕು. ಮೂವತ್ತು ವರ್ಷ ಹೀಗೇ ನಡೆಯಿತು. ಕಾನ್ಸರ್ಟ್ ಟಿಕೆಟನ್ನೂ ಮುಖಬೆಲೆಗಿಂತ ಜಾಸ್ತಿಗೆ ಮಾರದಂತೆ ಮಾಡುತ್ತೇವೆ ಅಂತ ಅಲ್ಲಿನ ಸರ್ಕಾರ ಹೇಳಿದ್ದು 2025ರ ನವೆಂಬರ್‌ನಲ್ಲಿ. ಪಕ್ಕದ ಐರ್ಲೆಂಡ್ ಅಂಥ ಕಾನೂನನ್ನು 2021ರಲ್ಲೇ ಮಾಡಿತ್ತು. ಮಧ್ಯೆ ಇರುವುದು ಒಂದು ಸಣ್ಣ ಸಮುದ್ರ. ಸುದ್ದಿ ಈಜಿಕೊಂಡು ಬಂತು ಅಂತ ಕಾಣುತ್ತದೆ.

ಹಾಗಂತ ಫುಟ್‌ಬಾಲ್‌ನಲ್ಲಿ ಬ್ಲಾಕ್ ನಿಂತಿದೆ ಅಂದುಕೊಳ್ಳಬೇಡಿ. ಕಾಗದದ ಟಿಕೆಟ್ ತೆಗೆದು ಫೋನಿಗೆ ಹಾಕಿದರು. ಫೋನನ್ನು ಗೇಟಿಗೆ ಮುಟ್ಟಿಸಿದರೆ ಮಾತ್ರ ಒಳಗೆ. ಇನ್ನೇನು ಮಾಡ್ತಾನೆ ಇವನು ಅಂತ ಎಲ್ಲರೂ ಖುಷಿಪಟ್ಟರು. ಅವನು ಫೋನನ್ನೇ ಬಾಡಿಗೆಗೆ ಕೊಟ್ಟ. ದುಡ್ಡು ಕೊಟ್ಟವರ ಕೈಗೆ ಒಂದು ಹಳೇ ಫೋನ್ ಬರುತ್ತದೆ. ಅದರಲ್ಲಿ ಯಾರದೋ ಹೆಸರಿನ ಕ್ಲಬ್ ಸದಸ್ಯತ್ವ. ಮುಟ್ಟಿಸಿ ಒಳಗೆ ಹೋಗಿ, ಆಟ ನೋಡಿ, ಫೋನ್ ವಾಪಸ್ ಕೊಡಿ. ಅದರ ಚಾರ್ಜ್ ಎಷ್ಟಿದೆ ಅಂತ ನೋಡಿಕೊಳ್ಳಬೇಕಾದದ್ದು ಮಾತ್ರ ನಿಮ್ಮ ಜವಾಬ್ದಾರಿ.

ಇಷ್ಟೆಲ್ಲ ಆಗುವಾಗ ಟಿಕೆಟ್‌ನ ಅಸಲಿ ಮಾಲೀಕರು ಏನು ಮಾಡುತ್ತಿದ್ದರು? ಮೊದಮೊದಲು ಸಿಟ್ಟಾದರು. ನಮ್ಮ ಅಭಿಮಾನಿಗಳನ್ನು ಈ ದಲ್ಲಾಳಿಗಳು ಸುಲಿಯುತ್ತಿದ್ದಾರೆ ಅಂದರು. ಆಮೇಲೆ ಒಂದು ದಿನ ಹೊಳೆಯಿತು. ನಮ್ಮ ಅಭಿಮಾನಿಗಳನ್ನು ಬೇರೆಯವರು ಯಾಕೆ ಸುಲಿಯಬೇಕು?

2024ರ ಆಗಸ್ಟ್‌ನಲ್ಲಿ ಓಯಸಿಸ್ ಬ್ಯಾಂಡ್ ಮತ್ತೆ ಒಂದಾಗಿ ಟಿಕೆಟ್ ಮಾರಿತು. ನಿಂತು ನೋಡುವ ಟಿಕೆಟ್ 150 ಪೌಂಡಿನ ಆಸುಪಾಸು ಅಂತ ಜನ ಗಂಟೆಗಟ್ಟಲೆ ಕಾದರು. ಸರದಿ ಬಂದಾಗ ಪರದೆ ಮೇಲೆ ಕಂಡದ್ದು 350ಕ್ಕೂ ಜಾಸ್ತಿ. ಇದು ಕಂಪ್ಯೂಟರಿನ ಮಾಯೆ, ಕ್ಷಣಕ್ಷಣಕ್ಕೂ ಬೆಲೆ ಏರಿಸುತ್ತದೆ ಅಂತ ಎಲ್ಲರೂ ಬೈದರು. ವಿಚಾರಣೆ ಮಾಡಿದ ಬ್ರಿಟನ್‌ನ ಸ್ಪರ್ಧಾ ಪ್ರಾಧಿಕಾರ, ಅಂಥ ಮಾಯೆ ನಡೆದದ್ದಕ್ಕೆ ಸಾಕ್ಷಿ ಕಾಣಲಿಲ್ಲ ಅಂದಿತು. ಎರಡೇ ಬೆಲೆ ಇದ್ದವು. ಕಡಿಮೆಯದು ಮುಗಿದ ಮೇಲೆ ಜಾಸ್ತಿಯದನ್ನು ತೆಗೆದರು. ಸಾಲಿನಲ್ಲಿದ್ದವರಿಗೆ ಅದನ್ನು ಮೊದಲೇ ಹೇಳಿರಲಿಲ್ಲ, ಅಷ್ಟೆ. ಅದಕ್ಕೆ ಕಂಪ್ಯೂಟರ್ ಯಾಕೆ ಬೇಕು? ಗೇಟಿನ ಹತ್ತಿರ ನಿಂತವನೂ ಜನ ಜಾಸ್ತಿ ಬಂದರೆ ಜೇಬಿನಿಂದ ಬೇರೆ ಬೆಲೆ ತೆಗೆಯುತ್ತಿದ್ದ.

ಇನ್ನು ಫೀಸು. 2023ರಲ್ಲಿ ದಿ ಕ್ಯೂರ್ ಬ್ಯಾಂಡಿನ ಗಾಯಕ ರಾಬರ್ಟ್ ಸ್ಮಿತ್, ಬಡ ಅಭಿಮಾನಿಗೂ ಸಿಗಲಿ ಅಂತ ಅಮೆರಿಕದಲ್ಲಿ 20 ಡಾಲರಿನ ಟಿಕೆಟ್ ಇಡಿಸಿದರು. ಒಬ್ಬ ಅಭಿಮಾನಿ ನಾಲ್ಕು ಕೊಂಡ. 80 ಡಾಲರ್. ಅದರ ಮೇಲೆ ಸರ್ವಿಸ್ ಫೀಸು, ಕ್ರೀಡಾಂಗಣದ ಫೀಸು, ಕೊನೆಗೆ ಆರ್ಡರ್ ಫೀಸು. ಒಟ್ಟು ಫೀಸು 92 ಡಾಲರ್ 10 ಸೆಂಟ್. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಸ್ಮಿತ್ ಎಲ್ಲರೆದುರು ಕೂಗಾಡಿದ ಮೇಲೆ ಟಿಕೆಟ್‌ಮಾಸ್ಟರ್ ಕಂಪನಿ ಟಿಕೆಟ್‌ಗೆ 10 ಡಾಲರ್, ಕೆಲವರಿಗೆ 5 ಡಾಲರ್ ವಾಪಸ್ ಕೊಟ್ಟಿತು. ಆ 10 ಸೆಂಟ್ ಮೇಲೆ ಮಾತ್ರ ನನಗೆ ಕಣ್ಣು. ಅಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕಿದವರು ಯಾರೋ ಪುಣ್ಯಾತ್ಮರು.

ಆದರೆ ಎಲ್ಲರಿಗೂ ಗುರು ಅಂದರೆ ಫಿಫಾ. 2026ರ ಫುಟ್‌ಬಾಲ್ ವಿಶ್ವಕಪ್‌ಗೆ ಅದು ತನ್ನದೇ ಅಧಿಕೃತ ರೀಸೇಲ್ ಅಂಗಡಿ ತೆರೆಯಿತು. ಮಾರುವವನಿಂದ ನೂರಕ್ಕೆ 15, ಕೊಳ್ಳುವವನಿಂದ ನೂರಕ್ಕೆ 15. ನೀವು 1,000 ಡಾಲರ್ ಅಂತ ಟಿಕೆಟ್ ಇಟ್ಟರೆ ಕೊಳ್ಳುವವನು ಕೊಡುವುದು 1,150. ನಿಮ್ಮ ಕೈಗೆ ಬರುವುದು 850. ಮಧ್ಯದ 300 ಫಿಫಾಗೆ, ತಾನೇ ಒಮ್ಮೆ ಮಾರಿ ದುಡ್ಡು ಎಣಿಸಿಕೊಂಡಿದ್ದ ಟಿಕೆಟ್ ಮೇಲೆ. ಅದೇ ಟಿಕೆಟ್ ಮತ್ತೆ ಕೈ ಬದಲಾದರೆ ಮತ್ತೆ ಅಷ್ಟೇ. ಹಸು ಮಾರಿದ ಮೇಲೂ ಹಗ್ಗ ಬಿಡದೆ, ಅದು ಹೋದ ಕೊಟ್ಟಿಗೆಯಲ್ಲೆಲ್ಲ ಹಾಲು ಕೇಳುವವರನ್ನು ಏನೆನ್ನಬೇಕೋ ಗೊತ್ತಿಲ್ಲ. ಅಧಿಕೃತ ಅನ್ನಬೇಕಂತೆ. ಮಳೆಯಲ್ಲಿ ನೆನೆಯುತ್ತಾ ನಿಂತಿದ್ದ ನಮ್ಮ ಹಳೇ ಮನುಷ್ಯನಿಗೆ ಇಷ್ಟು ಬುದ್ಧಿ ಇರಲಿಲ್ಲ. ಅವನು ಒಂದು ಟಿಕೆಟನ್ನು ಒಂದೇ ಸಲ ಮಾರುತ್ತಿದ್ದ.

ನನ್ನ ಕಾನ್ಸರ್ಟ್ ಏನಾಯಿತು ಅಂತ ಹೇಳುವುದು ಮರೆತೆ. ನಾಲ್ಕು ಪಟ್ಟು ಕೊಡಲಿಲ್ಲ. ಆ ಪುಟ ಮುಚ್ಚಲೂ ಮನಸ್ಸಾಗಲಿಲ್ಲ. ದಿನಾ ಒಮ್ಮೆ ಸುಮ್ನೆ ತೆರೆದು ನೋಡುವುದು ಚಟವಾಯಿತು. ಮೂರು ಪಟ್ಟಾಯಿತು. ಒಂದು ವಾರ ಐದು ಪಟ್ಟಿಗೂ ಹೋಯಿತು. ಶೋ ಹತ್ತಿರ ಬಂದ ಹಾಗೆ ಎರಡು, ಒಂದೂವರೆ. ಶೋ ದಿನ ಸಂಜೆ ಊಟ ಮಾಡುತ್ತಾ ಮತ್ತೆ ತೆರೆದೆ. ಬೆಲೆ ಮುಖಬೆಲೆಗಿಂತ ಕೆಳಗೆ ಇಳಿದಿತ್ತು. ಶೋ ಶುರುವಾಗಿ ಇಪ್ಪತ್ತು ನಿಮಿಷ ಕಳೆದಿತ್ತು. 'ಇನ್ನು 2 ಟಿಕೆಟ್ ಮಾತ್ರ!' ನಾಲ್ಕು ತಿಂಗಳ ಹಿಂದೆ ಇದ್ದ ಅದೇ ಸಾಲು, ಅದೇ ಎರಡು ಕುರ್ಚಿ. ಗಡಿಯಾರ ಇನ್ನೂ ಹಿಮ್ಮುಖವಾಗಿ ಓಡುತ್ತಿತ್ತು. ಅದರ ಕೆಳಗೆ, 'ಈಗ 1 ವ್ಯಕ್ತಿ ಇದನ್ನೇ ನೋಡುತ್ತಿದ್ದಾರೆ!'

ಅದು ನಾನೇ.